ಪಕ್ಕದ ರ‍್ಯಾಂಚಿನ ಅಜ್ಜಿ ರೋಡಿಯೋಗೆ ಕರೆದಿದ್ದಾರೆ, ಹೋಗೋದಾ ಬೇಡ್ವಾ?

ಗಾಳಿಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ಅಮೆರಿಕದ ವಯೋಮಿಂಗ್ ರಾಜ್ಯದ ವೀಟ್‌ಲ್ಯಾಂಡ್ ಹತ್ತಿರ. ರಾಜಧಾನಿ ಷಾಯೆನ್‌ನಿಂದ ಉತ್ತರಕ್ಕೆ 70 ಮೈಲಿ. ನಮ್ಮನೆಯವರದು ವಿಂಡ್ ಟರ್ಬೈನ್ ರಿಪೇರಿ ಕೆಲಸ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಇರುವುದಿಲ್ಲ. ಊರೊಳಗೆ ಬಾಡಿಗೆ ಮನೆ ಸಿಗದೆ ಹನ್ನೊಂದು ಮೈಲಿ ಆಚೆ, ಜಲ್ಲಿ ರಸ್ತೆಯ ಕೊನೆಯಲ್ಲಿ ಒಂದು ಒಂಟಿ ಮನೆ ಹಿಡಿದೆವು. ನಾನು, ಐದು ವರ್ಷದ ಮಗ, ಮತ್ತೆ ಗಾಳಿ. ಬಟ್ಟೆ ಒಣಗಲು ಹಾಕಿದರೆ ಕ್ಲಿಪ್ಪಿನ ಸಮೇತ ಪಕ್ಕದ ಹೊಲದಲ್ಲಿ ಹುಡುಕಬೇಕು. ಎದುರು ಬರುವ ಗಾಡಿಯವರೆಲ್ಲ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಮೊದಲ ವಾರ ನಾನೇನೋ ತಪ್ಪು ಓಡಿಸ್ತಿದ್ದೀನಿ ಅಂತ ಹೆದರಿದ್ದೆ. ನಮಸ್ಕಾರ ಅಂತೆ ಅದು. ಈಗ ನಾನೂ ಎತ್ತುತ್ತೇನೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಕರೆಂಟ್ ಹೋಯಿತು. ಹೋದರೆ ಹೋಗಲಿ ಅಂತ ಮೇಣದಬತ್ತಿ ಹಚ್ಚಿ ನಲ್ಲಿ ತಿರುಗಿಸಿದರೆ ನೀರೂ ಇಲ್ಲ! ಬೋರ್‌ವೆಲ್ ಮೋಟರ್ ಓಡೋದು ಕರೆಂಟಲ್ಲಿ ಅಂತ ಅಲ್ಲಿಯವರೆಗೆ ತಲೆಗೇ ಹೋಗಿರಲಿಲ್ಲ. ಒಲೆ ಮೇಲೆ ಅರ್ಧ ಬೆಂದ ಬೇಳೆ. ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಪಿಕಪ್ ಬಂದು ನಿಂತಿತು. ಪಕ್ಕದ ರ‍್ಯಾಂಚಿನ ಅಜ್ಜಿ. (ರ‍್ಯಾಂಚ್ ಅಂದರೆ ದನ ಸಾಕುವ ದೊಡ್ಡ ಜಮೀನು, ಪಕ್ಕ ಅಂದರೆ ಒಂದೂವರೆ ಮೈಲಿ.) ವಯಸ್ಸು ಎಪ್ಪತ್ತು ದಾಟಿದೆ. ಐದು ಗ್ಯಾಲನ್ನಿನ ಎರಡು ಕ್ಯಾನ್ ನೀರು ತಾವೇ ಇಳಿಸಿ, "ಹೊಸಬರು ನೀರು ಹಿಡಿದಿಟ್ಟಿರಲ್ಲ" ಅಂದರು. ಅಷ್ಟೇ ಮಾತು. ಹೊರಟೇಬಿಟ್ಟರು.

ಈಗ ಅದೇ ಅಜ್ಜಿ ಆಗಸ್ಟ್‌ನ ಕೌಂಟಿ ಫೇರ್ (ಜಿಲ್ಲಾ ಜಾತ್ರೆ) ರೋಡಿಯೋಗೆ ಕರೆದಿದ್ದಾರೆ. ಕುದುರೆ, ಹೋರಿ ಸವಾರಿ, ಕರುವಿಗೆ ಹಗ್ಗ ಎಸೆಯೋ ಸ್ಪರ್ಧೆಗಳು ಅಲ್ಲಿ. ಅವರ ಮೊಮ್ಮಗ ಬ್ರಾಂಕ್ (ನೆಗೆದು ಒದೆಯೋ) ಕುದುರೆ ಸವಾರಿ ಮಾಡ್ತಾನಂತೆ. ಪ್ರಾಣಿಗಳನ್ನು ಕೆಡವೋದು ನೋಡಿ ಚಪ್ಪಾಳೆ ಹೊಡೆಯೋಕೆ ನನಗೆ ಆಗಲ್ಲ. ಬರಲ್ಲ ಅನ್ನೋಕೂ ಬಾಯಿ ಬರ್ತಿಲ್ಲ. ನಾವು ಸಸ್ಯಾಹಾರಿಗಳು ಬೇರೆ, ಅಲ್ಲಿ ಏನು ತಿನ್ನೋದು? ಮಗನನ್ನು ಕುರಿ ಮೇಲೆ ಕೂರಿಸೋಣ ಅಂತಲೂ ಹೇಳ್ತಿದ್ದಾರೆ. ಯಾರಾದರೂ ಹೋಗಿದ್ದೀರಾ?

ಹಳೇ ಬೂಟು:

ವಯೋಮಿಂಗ್‌ನದೇ ಕ್ಯಾಸ್ಪರ್ ಊರಲ್ಲಿ ಹದಿನಾಲ್ಕು ವರ್ಷ ಇದ್ದವನು ನಾನು. ಹೋಗಿ ಮೇಡಂ. ಇಡೀ ರಾಜ್ಯದಲ್ಲಿ ಆರು ಲಕ್ಷ ಜನ ಕೂಡ ಇಲ್ಲ. ಅಕ್ಕಪಕ್ಕದವರನ್ನು ಕಾಣೋಕೆ ಸಿಗೋದೇ ಇಂಥ ಕಡೆ. 2003ರಿಂದ ರೋಡಿಯೋ ವಯೋಮಿಂಗ್‌ನ ಅಧಿಕೃತ ಆಟವೇ ಆಗಿದೆ.

ಏನು ನಡೀತಿದೆ ಅಂತ ಗೊತ್ತಿದ್ದರೆ ನೋಡೋಕೆ ಸುಲಭ. ಬ್ರಾಂಕ್ ಸವಾರಿ 8 ಸೆಕೆಂಡಿನ ಲೆಕ್ಕ, ಅಷ್ಟು ಹೊತ್ತು ಬೀಳದೆ ಕೂರಬೇಕು. ಒಂದೇ ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ಕುದುರೆಗೆ ತಗುಲಿದರೂ ಔಟ್. ಮೊದಲ ನೆಗೆತದಲ್ಲಿ ಕುದುರೆಯ ಮುಂಗಾಲು ನೆಲ ಮುಟ್ಟೋ ಹೊತ್ತಿಗೆ ಸವಾರನ ಹಿಮ್ಮಡಿ ಅದರ ಭುಜದ ಮೇಲಿರಬೇಕು. ನೂರು ಅಂಕದಲ್ಲಿ ಐವತ್ತು ಸವಾರನದು, ಐವತ್ತು ಕುದುರೆಯದು. ಸೋಮಾರಿ ಕುದುರೆ ಸಿಕ್ಕರೆ ಎಂಥ ಸವಾರನೂ ಗೆಲ್ಲಲ್ಲ. ಹಾಗಾಗಿ ಚೆನ್ನಾಗಿ ಒದೆಯೋ ಕುದುರೆಯನ್ನು ಅಳಿಯನ ಹಾಗೆ ನೋಡ್ಕೋತಾರೆ. ಕುದುರೆ ಒದೆಯಲಿ ಅಂತ ಅದರ ಬೀಜಕ್ಕೆ ಹಗ್ಗ ಬಿಗೀತಾರೆ ಅಂತ ಒಂದು ಮಾತಿದೆ, ಅದು ಸುಳ್ಳು. ಪಟ್ಟಿ ಕಟ್ಟೋದು ಹಿಂಗಾಲಿನ ಮುಂದೆ, ಹೊಟ್ಟೆ ಸುತ್ತ. ಒದೆಯೋ ಕುದುರೆಗಳಲ್ಲಿ ಹೆಣ್ಣು ಕುದುರೆಗಳೂ ಬೇಕಾದಷ್ಟಿವೆ. ಆದರೆ ಓಡೋ ಕರುವಿಗೆ ಹಗ್ಗ ಎಸೆದು ಕೆಡವಿ ಮೂರು ಕಾಲು ಕಟ್ಟೋ ಆಟ ಇದೆಯಲ್ಲ, ಅದು ನನಗೂ ಇವತ್ತಿಗೂ ಒಗ್ಗಿಲ್ಲ.

ಊಟದ ವಿಷಯ. ಜೋಳ, ನಿಂಬೆ ಪಾನಕಕ್ಕೆ ಭಯ ಇಲ್ಲ. ಬೀನ್ಸ್‌ನಲ್ಲಿ ಹಂದಿಮಾಂಸ ಇರಬಹುದು, ಕೇಳಿ. 'ರಾಕಿ ಮೌಂಟನ್ ಆಯ್ಸ್ಟರ್' ಅಂತ ಬೋರ್ಡ್ ಕಂಡರೆ ಅದು ಚಿಪ್ಪುಮೀನಲ್ಲ, ಹೋರಿಯ ಬೀಜ, ಹಿಟ್ಟು ಹಚ್ಚಿ ಕರಿದದ್ದು. ದೂರದಿಂದ ಥೇಟ್ ಬೋಂಡಾ. ನಮ್ಮ ಅತ್ತೆ ಒಂದು ಪ್ಲೇಟ್ ಹೇಳಿಯೇ ಬಿಟ್ಟಿದ್ದರು.

ಇನ್ನೊಂದು. ಅಜ್ಜಿಯವರ ಹತ್ತಿರ ದನ ಎಷ್ಟಿವೆ ಅಂತ ಮಾತ್ರ ಕೇಳಬೇಡಿ. ಬ್ಯಾಂಕಲ್ಲಿ ದುಡ್ಡೆಷ್ಟಿದೆ ಅಂತ ಕೇಳಿದ ಹಾಗೆ. ನಾನು ಬಂದ ಮೊದಲ ವಾರವೇ ಕೇಳಿ ಮರ್ಯಾದೆ ಕಳ್ಕೊಂಡಿದ್ದೆ.

ಮಂಜು ಡೆನ್ವರ್:

ನನ್ನದು ಬೇರೆ ಅಭಿಪ್ರಾಯ. ಷಾಯೆನ್ ಫ್ರಾಂಟಿಯರ್ ಡೇಸ್‌ಗೆ ಒಮ್ಮೆ ಹೋಗಿದ್ದೆ. 1897ರಿಂದ ನಡೆಯುವ ದೊಡ್ಡ ಜಾತ್ರೆ ಅದು. ಹೋರಿ ಸವಾರಿ ಶುರುವಾದ ಹತ್ತು ನಿಮಿಷಕ್ಕೆ ಎದ್ದು ಬಂದೆ. ಅದೇ ಅಂಗಳದಲ್ಲಿ 1989ರಲ್ಲಿ ಲೇನ್ ಫ್ರಾಸ್ಟ್ ಅನ್ನೋ ಚಾಂಪಿಯನ್ ತೀರಿಕೊಂಡಿದ್ದು. 8 ಸೆಕೆಂಡ್ ಮುಗಿಸಿ ಇಳಿದ ಮೇಲೆ ಹೋರಿ ಗುದ್ದಿತು. 25 ವರ್ಷ ವಯಸ್ಸು. ಎದೆಗೆ ಹಾಕುವ ರಕ್ಷಾ ಜಾಕೆಟ್ ಎಲ್ಲ ಕಡೆ ಬಳಕೆಗೆ ಬಂದದ್ದು ಅದಾದ ಮೇಲೆ. ಮನಸ್ಸಿಗೆ ಒಗ್ಗದ್ದನ್ನು ಉಪಕಾರ ತೀರಿಸೋಕೆ ಅಂತ ಯಾಕೆ ನೋಡಬೇಕು? ಒಂದು ಡಬ್ಬಿ ತುಂಬ ಏನಾದರೂ ಮಾಡಿ ಕೊಟ್ಟರೆ ಸಾಕಲ್ವಾ?

ಇಬ್ಬರ ಅಮ್ಮ:

ಕುರಿ ಸವಾರಿಗೆ ಮಟನ್ ಬಸ್ಟಿಂಗ್ ಅಂತಾರೆ. ಹೆಲ್ಮೆಟ್, ಜಾಕೆಟ್ ಹಾಕ್ತಾರೆ. ಕುರಿ ಬೆನ್ನ ಮೇಲೆ ಬೋರಲು ಮಲಗಿ ಉಣ್ಣೆ ಹಿಡ್ಕೊಳ್ಳೋದು, ಅಷ್ಟೇ. ನಮ್ಮವಳು ಎರಡು ಸೆಕೆಂಡ್ ಇದ್ದಳು, ಬಾಯಿ ತುಂಬ ಮಣ್ಣು, ಆಮೇಲೆ ವರ್ಷಗಟ್ಟಲೆ ಅದೇ ಕತೆ. ಮಗು ಬೇಡ ಅಂದರೆ ಯಾರೂ ಬಲವಂತ ಮಾಡಲ್ಲ. ಸ್ವೆಟರ್ ಮರೀಬೇಡಿ ಅಕ್ಕ, ಹೊತ್ತು ಮುಳುಗಿದ ಮೇಲೆ ಆಗಸ್ಟ್‌ನಲ್ಲೂ ನಡುಕ ಬರುತ್ತೆ.

ಗಾಳಿಮನೆ:

ಹೋಗಿ ಬಂದೆವು. ಹೇಳ್ತೀನಿ ಅಂದಿದ್ದು ತಡವಾಯಿತು, ಕ್ಷಮಿಸಿ.

ಬಿಸಿಲಿಗೆ ಕಾದ ಅಲ್ಯೂಮಿನಿಯಂ ಬೆಂಚು, ಕೂತರೆ ದೋಸೆ ಹೆಂಚು. ಕುದುರೆ ಮೇಲೆ ಬಾವುಟ ಬಂದಾಗ ಎಲ್ಲರೂ ಎದ್ದು ಟೋಪಿ ತೆಗೆದರು. ಅಷ್ಟು ಹಣೆಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಮುಖವೆಲ್ಲ ಇಟ್ಟಿಗೆ ಬಣ್ಣ, ಟೋಪಿಯ ಗೆರೆಯಿಂದ ಮೇಲೆ ಬೆಳ್ಳಗೆ.

ಮೊಮ್ಮಗ ಮೂರು ಸೆಕೆಂಡೂ ಇರಲಿಲ್ಲ. ಗೇಟು ತೆರೆದದ್ದು ಕಂಡಿತು, ಆಮೇಲೆ ಹುಡುಗ ನೆಲದ ಮೇಲಿದ್ದ. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದು ಆಗಲೇ ಗೊತ್ತಾಗಿದ್ದು. ಅವರ ಬಲಗೈ ಹೆಬ್ಬೆರಳಿಗೆ ತುದಿ ಇಲ್ಲ. ಇಷ್ಟು ದಿನ ನೋಡೇ ಇರಲಿಲ್ಲ ನಾನು. ಹರೆಯದಲ್ಲಿ ದನಕ್ಕೆ ಹಗ್ಗ ಎಸೆದು ಜೀನಿನ ಗೂಟಕ್ಕೆ ಸುತ್ತುವಾಗ ನಡುವೆ ಸಿಕ್ಕಿಕೊಂಡಿತಂತೆ. ಹುಡುಗ ಎದ್ದು, ಟೋಪಿ ಹುಡುಕಿ, ತೊಡೆಗೆ ಬಡಿದು ಧೂಳು ಕೊಡವಿದ ಮೇಲೆಯೇ ಅವರು ಕೈ ಬಿಟ್ಟಿದ್ದು.

ಕುದುರೆಯದು ಇನ್ನೂ ತಮಾಷೆ. ಇಬ್ಬರು ಸವಾರರು ಪಕ್ಕಕ್ಕೆ ಬಂದು ಬಾಗಿ ಪಟ್ಟಿ ಸಡಿಲಿಸಿದರು. ಕುಣಿತ ಅಲ್ಲಿಗೆ ಬಂದ್. ಡ್ಯೂಟಿ ಮುಗಿದವರ ಹಾಗೆ ತಾನೇ ಗೇಟಿನ ಕಡೆ ನಡೆಯಿತು.

ಕರು ಕಟ್ಟುವ ಆಟ ಬಂದಾಗ "ಪಾನಕ ತರ್ತೀನಿ" ಅಂತ ಎದ್ದೆ. ನೋಡಿದರೆ ಅಜ್ಜಿಯೂ ಎದ್ದಿದ್ದಾರೆ. ಸಾಲಲ್ಲಿ ನಿಂತಾಗ ಅವರೇ ಹೇಳಿದರು: "ಬ್ರ್ಯಾಂಡಿಂಗ್ ಮಾಡುವಾಗ, ಅಂದರೆ ಬರೆ ಹಾಕಿ ಗುರುತು ಮಾಡುವಾಗ, ನಾವೂ ಕರು ಹಿಡಿದು ಕೆಡವ್ತೀವಿ. ಅದು ಕೆಲಸ. ಇಲ್ಲಿ ಗಡಿಯಾರ ನೋಡ್ಕೊಂಡು ಮಾಡ್ತಾರೆ, ನನಗಾಗಲ್ಲ." ಪಾನಕ ಕುಡಿದು ಮುಗಿದರೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು, ಮೈಕಿನಲ್ಲಿ ಮುಂದಿನ ಆಟದ ಹೆಸರು ಕೂಗುವವರೆಗೆ.

ಮಗ ಹೆಲ್ಮೆಟ್ ಹಾಕಿಸಿಕೊಂಡ, ಸಾಲಲ್ಲಿ ನಿಂತ, ಕುರಿಯ ಮುಖವನ್ನು ಹತ್ತಿರದಿಂದ ನೋಡಿದ, ಒಲ್ಲೆ ಅಂದ. ಆದರೂ ಹೆಲ್ಮೆಟ್ ವಾಪಸ್ ಕೊಡೋಕೆ ಅತ್ತ.

ಮಂಜು ಅವರೇ, ಡಬ್ಬಿಯನ್ನೂ ಕೊಟ್ಟೆ. ಚಿತ್ರಾನ್ನ. ಮೊಮ್ಮಗ ಒಂದು ತುತ್ತಿಗೇ ಹಸಿಮೆಣಸಿನಕಾಯಿ ಕಚ್ಚಿ, ಕುದುರೆ ಮೇಲಿದ್ದಾಗಲೂ ಬಾರದ ಕಣ್ಣೀರು ಹಾಕಿದ. ಆದರೂ ಪೂರ್ತಿ ತಿಂದನಂತೆ. ಮೊನ್ನೆ ಡಬ್ಬಿ ವಾಪಸ್ ಬಂತು. ಒಳಗೆ ಹನ್ನೆರಡು ಮೊಟ್ಟೆ, ಒಂದೊಂದನ್ನೂ ಪೇಪರಲ್ಲಿ ಸುತ್ತಿ ಇಟ್ಟಿದ್ದಾರೆ. ನಾವು ಮೊಟ್ಟೆ ತಿನ್ನಲ್ಲ ಅಂತ ಈಗ ಹೇಗೆ ಹೇಳೋದು? ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ, ಭಾನುವಾರ ಅವರ ಮನೆಗೆ ಹೋಗೋದಿದೆ.