ಸಹಾಯ ಬೇಕು: ಮಿಸ್ಕ್ಯಾಂಥಸ್ ಹುಲ್ಲಿನ ಬುಡ ನಡುವೆ ಒಣಗಿದೆ

ಎಲ್ಲರಿಗೂ ನಮಸ್ಕಾರ. ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿ ಮಿಸ್ಕ್ಯಾಂಥಸ್ ಅನ್ನೋ ಅಲಂಕಾರದ ಹುಲ್ಲು ಬೆಳೆಸಿದ್ದೇನೆ. ಆರಡಿ ದಾಟಿದೆ. ಗಾಳಿಗೆ ತೆನೆಗಳು ಬಳುಕುವುದನ್ನು ನೋಡೋದೇ ಖುಷಿ. ಆದರೆ ಈ ಸಲ ಬುಡದ ನಡುಭಾಗ ಪೂರ್ತಿ ಒಣಗಿದೆ. ಹೊಸ ಚಿಗುರು ಅಂಚಿನಲ್ಲಿ ಮಾತ್ರ, ಬಳೆಯ ಹಾಗೆ ಸುತ್ತಲೂ ಬರುತ್ತಿದೆ. ಒಣಗಿದ ಕಡ್ಡಿ ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಹುಳು ಕಾಣಿಸುತ್ತಿಲ್ಲ.

ಹಳೆಯ ಬುಡ ಹೀಗಾಗೋದು ಸಹಜ, ಅಗೆದು ಭಾಗ ಮಾಡಿ ಅಂಚಿನ ತುಂಡುಗಳನ್ನು ಮತ್ತೆ ನೆಡಬೇಕು ಅಂತ ಗೊತ್ತು. ಆದರೆ ಬೇರು ತುಂಬಾ ಗಟ್ಟಿ, ಸಲಿಕೆ ಇಳಿಯುತ್ತಲೇ ಇಲ್ಲ. ಗರಗಸದಿಂದ ಕೊಯ್ದರೆ ತೊಂದರೆ ಇಲ್ಲ ಅಲ್ವಾ? ಒಂದೊಂದು ತುಂಡಿನಲ್ಲಿ ಎಷ್ಟು ಚಿಗುರು ಇರಬೇಕು?

ಇನ್ನೊಂದು ವಿಷಯ. ತೆನೆ ಬಂದ ಮೇಲೆ ದಂಟುಗಳು ಹೊರಗೆ ಬಾಗಿ ಬೀಳುತ್ತಿವೆ. ನೆರಳಿಲ್ಲ, ಗೊಬ್ಬರವನ್ನೂ ಹಾಕಿಲ್ಲ. ನಡು ಖಾಲಿಯಾಗಿದ್ದೇ ಕಾರಣವಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.