ಗಂಗಾವತಿ–ಸಿಂಧನೂರು ದಿನಾ ಕಾರಲ್ಲಿ ಓಡಾಡೋದು: ಅನುಭವ ಇದ್ದವರು ಹೇಳಿ

ಮೈಸೂರಿಂದ ವಾಪಸ್ (ಗಂಗಾವತಿ)
ಹನ್ನೊಂದು ವರ್ಷ ಮೈಸೂರಿನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಕೆಲಸ ಸಿಂಧನೂರಿನಲ್ಲಿ. ಹೋಗಿ ಬರೋದು ನೂರು ಕಿಲೋಮೀಟರ್ ಹತ್ತಿರ. ಒಂದೇ ತಿಂಗಳಿಗೆ ಸಾಕಾಗಿದೆ. ರಾಂಗ್ ಸೈಡಲ್ಲಿ ನುಗ್ಗುವ ಬೈಕು, ಇಳಿಸದ ಹೆಡ್‌ಲೈಟು, ಕಾರಟಗಿ ಹತ್ತಿರ ರೋಡಿನ ನಡುವೆಯೇ ನಿಂತು ಮಾತಾಡುವ ಎರಡು ಟ್ರ್ಯಾಕ್ಟರ್. ಮೈಸೂರಿನಲ್ಲಿ ಇಷ್ಟಿರಲಿಲ್ಲ. ಕಾರೇ ಇರಲೋ, ಬಸ್ಸಿಗೆ ಹೋಗಲೋ? ಡ್ಯಾಶ್ ಕ್ಯಾಮ್ (ಕಾರಿನೊಳಗಿಂದ ರೋಡಿನ ವಿಡಿಯೋ ತೆಗೆಯುವ ಕ್ಯಾಮೆರಾ) ಹಾಕಿಸಿದರೆ ಉಪಯೋಗ ಇದೆಯಾ?

ಮಾನ್ವಿ ಸಿಸ್ಟರ್
ಬಸ್ಸಿಗೆ ಹೋಗಿ. ನನ್ನ ಕಥೆ ಕೇಳಿ.
2022ರ ಡಿಸೆಂಬರ್. ರಾಯಚೂರಿನಲ್ಲಿ ಡ್ಯೂಟಿ ಮುಗಿಸಿ ಸ್ಕೂಟರಲ್ಲಿ ಬರ್ತಿದ್ದೆ. ರಾತ್ರಿ ಎಂಟೂವರೆ. ಎದುರಿಗೆ ಕಾರು, ಫುಲ್ ಲೈಟು. ಎರಡು ಸಲ ಡಿಪ್ ಕೊಟ್ಟೆ, ಇಳಿಸಲಿಲ್ಲ. ಕಣ್ಣು ಕತ್ತಲೆ ಬಂತು, ಎಡಕ್ಕೆ ಸರಿದೆ. ಅಲ್ಲಿ ಯಾರೋ ಭತ್ತ ಒಣಗಿಸಿದ್ದರು. ಭತ್ತ ತುಂಬಿಕೊಂಡು ಹೋಗಿದ್ದರು, ಅಂಚಿಗೆ ಇಟ್ಟ ಕಲ್ಲು ಮಾತ್ರ ಅಲ್ಲೇ ಇದ್ದವು. ತೆಂಗಿನಕಾಯಿ ಗಾತ್ರದ ಕಲ್ಲು, ಸಾಲಾಗಿ, ಆರಡಿಗೊಂದು. ಚಕ್ರ ಮೊದಲನೇ ಕಲ್ಲಿಗೆ ಹತ್ತಿತು, ನಾನು ಮೂರನೇ ಕಲ್ಲಿನ ಮೇಲೆ ಬಿದ್ದೆ.
ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಆಪರೇಷನ್‌ಗೆ 74,000, ಪ್ಲೇಟಿಗೆ ಬೇರೆ 18,500. ಫಿಸಿಯೋ 28 ಸಲ, ಸಲಕ್ಕೆ 300. ಸ್ಕೂಟರ್ ಫೋರ್ಕಿಗೆ 6,200. ಎರಡು ತಿಂಗಳು ಅರ್ಧ ಸಂಬಳ. ಈಗಲೂ ರೊಟ್ಟಿ ಬಡಿಯೋಕೆ ಕೈ ಬಗ್ಗಲ್ಲ, ಮಗಳು ಬಡಿಯುತ್ತಾಳೆ. ಕಾರಿನವನು ನಿಲ್ಲಿಸಲೂ ಇಲ್ಲ. ಕಲ್ಲು ಇಟ್ಟವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಶ್ರೀರಾಮನಗರದ ರೈತ
ಅಕ್ಕಾರೆ, ನಿಮಗಾದದ್ದು ಕೇಳಿ ಸಂಕಟ ಆಯ್ತು. ಆದರೆ ರೋಡಿಗೆ ಭತ್ತ ಹಾಕುವವರೆಲ್ಲ ಸುಮ್ನೆ ಹಾಕ್ತಾರೆ ಅಂದ್ಕೋಬೇಡಿ. ಮಷಿನ್ನಿನಲ್ಲಿ ಕೊಯ್ದ ಭತ್ತ ಹಸಿ ಇರುತ್ತದೆ. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವ 17 ಪರ್ಸೆಂಟ್ ದಾಟಿದರೆ ತಗೊಳ್ಳಲ್ಲ. ಮಿಲ್ಲಿಗೆ ಒಯ್ದರೆ 75 ಕೆಜಿ ಚೀಲಕ್ಕೆ ಎರಡು ಕೆಜಿ ಮುರೀತಾರೆ. ನಮ್ಮಪ್ಪನ ಕಾಲದಲ್ಲಿ ಹೊಲದಲ್ಲೇ ಕಣ ಇತ್ತು. ಈಗ ಸುತ್ತ ಬರೀ ನೀರು ನಿಂತ ಗದ್ದೆ. ಎಲ್ಲಿ ಒಣಗಿಸಲಿ?
ಹೋದ ಸಲ ಮೋಡ ಹಾಕಿದಾಗ 30 ತಾಡಪತ್ರಿ ಬಾಡಿಗೆಗೆ ತಂದೆ. ಒಂದಕ್ಕೆ ದಿನಕ್ಕೆ 40, ಒಂಬತ್ತು ದಿನ. 10,800 ಅಲ್ಲೇ ಹೋಯ್ತು. ಆದರೂ 38 ಚೀಲ ಮೊಳಕೆ ಬಂತು, ಚೀಲಕ್ಕೆ 400 ಕಡಿಮೆಗೆ ಕೊಟ್ಟೆ. ರಾತ್ರಿ ನಾವು ಅಲ್ಲೇ ಮಲಗ್ತೇವೆ. ಒಂದು ಕಾರು ಭತ್ತದ ಮೇಲೇ ಬಂತು. ತಮ್ಮ ಪಕ್ಕದಲ್ಲಿ ಮಲಗಿದ್ದ. ಗಾಲಿ ಅವನ ಚಪ್ಪಲಿ ಮೇಲೆ ಹೋಯ್ತು, ಕಾಲಿಗೂ ಚಪ್ಪಲಿಗೂ ಒಂದು ಗೇಣು. ಕಲ್ಲು ಇಡೋದು ಅದಕ್ಕೇ.

ಮಾನ್ವಿ ಸಿಸ್ಟರ್
ಇಡಿ, ತೆಗೆಯೋದು ಯಾರು? ನಿಮ್ಮ 38 ಚೀಲದ ಲೆಕ್ಕ ಹೇಳಿದ್ರಿ. ನನ್ನ ಕೈ ಲೆಕ್ಕ ಯಾವ ಮಿಲ್ಲಿನವರು ಕೊಡ್ತಾರೆ?

ಕೆಎ 34 ಬಳ್ಳಾರಿ
ಮೈಸೂರಿನ ಸರ್, ಕಾರಿರಲಿ. ಕ್ಯಾಮೆರಾ ಇವತ್ತೇ ಹಾಕಿಸಿ. ಅದಿಲ್ಲದೆ ನಾನು ಅನುಭವಿಸಿದ್ದು ಯಾರಿಗೂ ಬೇಡ.
ಸಿರುಗುಪ್ಪ ರೋಡು, ಸಂಜೆ ಏಳು. ಮುಂದೆ ಮೆಣಸಿನಕಾಯಿ ಚೀಲ ಹೇರಿದ ಟ್ರಾಲಿ. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಸೈಡ್ ತಗೊಂಡು ಹೋಗೋಣ ಅಂದರೆ ಒಮ್ಮೆಲೇ ಬಲಕ್ಕೆ, ಹೊಲದ ದಾರಿಗೆ ತಿರುಗಿಸಿದ. ಹೋಗಿ ಗುದ್ದಿದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ. "ಹಿಂದಿಂದ ಗುದ್ದಿದವರದೇ ತಪ್ಪು" ಅಂತ ಎಲ್ಲರೂ ಒಂದೇ ಮಾತು. ನನ್ನ ಕಡೆ ಸಾಕ್ಷಿ ನಾನೊಬ್ಬನೇ. ಟ್ರಾಲಿಗೆ ಇನ್ಶೂರೆನ್ಸೇ ಇಲ್ಲ. ಕೊನೆಗೆ ನನ್ನ ಪಾಲಿಸಿಯಲ್ಲೇ ಕ್ಲೇಮ್ ಮಾಡಿದೆ.
ಬಿಲ್ಲು 1,12,000. ಪ್ಲಾಸ್ಟಿಕ್, ರಬ್ಬರ್ ಸಾಮಾನು 38,000, ಅದರಲ್ಲಿ ಅರ್ಧ ಕಟ್. ಕಬ್ಬಿಣದ ಸಾಮಾನು 44,000. ಗಾಡಿಗೆ ಮೂರು ವರ್ಷ ದಾಟಿತ್ತು ಅಂತ 25 ಪರ್ಸೆಂಟ್ ಕಟ್, 11,000. ಪೇಂಟ್ ಸಾಮಾನಿಗೆ 2,000 ಕಟ್. ಕ್ಲೇಮಿಗೆ ನಾವೇ ಕೊಡಬೇಕಾದ ಕಡ್ಡಾಯದ 1,000 ಬೇರೆ. ಒಟ್ಟು 33,000 ನನ್ನ ಜೇಬಿಂದ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುತ್ತಿದ್ದ ರಿಯಾಯಿತಿ, 35 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಸೊನ್ನೆಗೆ ಬಂತು. ಆ ವರ್ಷ 3,100 ಉಳಿಸೋಣ ಅಂತ ಜೀರೋ ಡೆಪ್ (ಸಾಮಾನು ಹಳೆಯದು ಅಂತ ಕಟ್ ಮಾಡದ ಹೆಚ್ಚುವರಿ ಕವರ್) ಬಿಟ್ಟಿದ್ದೆ. ಅದು ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ.
ಮುಂದಿನ ವಾರವೇ 5,800 ಕೊಟ್ಟು ಹಿಂದೆ ಮುಂದೆ ಕ್ಯಾಮೆರಾ ಹಾಕಿಸಿದೆ. ಆರು ತಿಂಗಳಿಗೆ ಮೋತಿ ಸರ್ಕಲ್ ಹತ್ತಿರ ಒಬ್ಬ ಹುಡುಗ ರಾಂಗ್ ಸೈಡಲ್ಲಿ ಬಂದು ತಾನೇ ಬಾಗಿಲಿಗೆ ಗುದ್ದಿ 15,000 ಕೇಳಿದ. ವಿಡಿಯೋ ತೋರಿಸಿದೆ. ಸುಮ್ನೆ ಗಾಡಿ ಎತ್ತಿಕೊಂಡು ಹೋದ.

ಸಂಡೂರು ಟಿಪ್ಪರ್
ಕ್ಯಾಮೆರಾದಿಂದ ಬ್ರೇಕ್ ಹತ್ತಲ್ಲ ಅಣ್ಣಾ. ಹತ್ತೊಂಬತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೇನೆ. ಸಂಡೂರು, ತೋರಣಗಲ್ಲು, ಹೊಸಪೇಟೆ ಎಲ್ಲಾ ಓಡಿಸಿದ್ದೇನೆ. ಏನೇ ಆದರೂ ಲಾರಿಯವನದೇ ತಪ್ಪು ಅಂತಾರೆ. ಲೋಡಾದ ಗಾಡಿ ಕಾರಿನ ಹಾಗೆ ನಿಲ್ಲಲ್ಲ. 2018ರಲ್ಲಿ ಆಕ್ಸಲ್ ಲೋಡ್ (ಲಾರಿ ಹೊರಬಹುದಾದ ತೂಕದ ಮಿತಿ) ಜಾಸ್ತಿ ಮಾಡಿದ ಮೇಲೆ ಗಾಡಿ ಇನ್ನೂ ಭಾರ. ಕಾರಿನವರು ಮುಂದೆ ನುಗ್ಗಿ ಬ್ರೇಕ್ ಹೊಡೀತಾರೆ.
ಎರಡು ವರ್ಷದ ಹಿಂದೆ ಹೈವೇ ಡಿವೈಡರ್ ಕಟ್ಟಾದ ಜಾಗದಲ್ಲಿ ಒಬ್ಬ ಹುಡುಗ ಬೈಕಲ್ಲಿ ಎದುರಾ ಬಂದ. ಎರಡು ಕಿಲೋಮೀಟರ್ ಸುತ್ತಬೇಕಲ್ಲ ಅಂತ ರಾಂಗ್ ಸೈಡು. ಅವನನ್ನು ಉಳಿಸಿ ಡಿವೈಡರ್‌ಗೆ ಹತ್ತಿಸಿದೆ. ಎರಡು ಟೈರು 42,000. ಆಕ್ಸಲ್ ಕೆಲಸ 27,000. ಹನ್ನೆರಡು ದಿನ ಗಾಡಿ ನಿಂತಿತು. ಕಂತು 61,000 ಮಾತ್ರ ನಿಲ್ಲಲಿಲ್ಲ. ಹುಡುಗ ತಿರುಗಿಯೂ ನೋಡದೆ ಹೋದ. ಬದುಕಿದ್ದಾನಲ್ಲ, ಅಷ್ಟು ಸಾಕು ಅಂದ್ಕೊಂಡೆ.
ಇನ್ನೊಂದು. ನಾವು ಬಲ ಇಂಡಿಕೇಟರ್ ಹಾಕಿದರೆ ಎದುರಿಗೆ ಗಾಡಿ ಇದೆ, ಬರಬೇಡ ಅಂತ. ಎಡ ಹಾಕಿದರೆ ಹೋಗು ಅಂತ. ಇಷ್ಟು ತಿಳಿಯದೆ ಕಾರು ತಗೊಂಡು ಬರ್ತಾರೆ.

ಕೆಎ 36 ಕ್ಯಾಬ್
ಇದನ್ನು ಯಾರು ಹೇಳಿಕೊಟ್ಟರು ನಿಮಗೆ? ನಾನು ರಾಯಚೂರು–ಹೈದರಾಬಾದ್ ವಾರಕ್ಕೆ ನಾಲ್ಕು ಟ್ರಿಪ್ ಹೊಡೀತೇನೆ. ಆ ರೋಡಲ್ಲಿ ಎಷ್ಟೋ ಲಾರಿಯವರು ಬಲ ಹಾಕಿದರೆ "ಬಾ, ಖಾಲಿ ಇದೆ" ಅಂತ. ಅದನ್ನೇ ನಂಬಿ ಹೋದೆ, ಅವನು ನಿಜವಾಗಿಯೂ ಬಲಕ್ಕೆ ಡಾಬಾಕ್ಕೆ ತಿರುಗಿದ. ನನ್ನ ಎಡಗಡೆ ಎರಡೂ ಬಾಗಿಲು ಹೋದವು. 46,000, ಜೊತೆಗೆ ಏರ್‌ಪೋರ್ಟ್ ಪಾರ್ಟಿ ವಿಮಾನ ತಪ್ಪಿಸಿಕೊಂಡು ಬಾಡಿಗೆ ಕೊಡಲಿಲ್ಲ. ಬಲ ಇಂಡಿಕೇಟರ್ ಅಂದರೆ ಬಲಕ್ಕೆ ತಿರುಗ್ತೇನೆ ಅಂತ. ಅಷ್ಟೇ. ಬಾ, ಬೇಡ ಎಲ್ಲಾ ನೀವು ನೀವೇ ಮಾಡಿಕೊಂಡದ್ದು.
ಮೈಸೂರಿನವರಿಗೂ ಒಂದು ಮಾತು. ಹೈದರಾಬಾದಲ್ಲೂ ನುಗ್ತಾರೆ, ಬೆಂಗಳೂರಲ್ಲೂ ಫುಟ್‌ಪಾತ್ ಹತ್ತಿಸ್ತಾರೆ. ಬೈಯೋದಕ್ಕೆ ನಮ್ಮ ಊರೇ ಬೇಕಾ?

ಸಂಡೂರು ಟಿಪ್ಪರ್
ಹೈದರಾಬಾದಿನ ಲೆಕ್ಕ ಇಲ್ಲಿ ತರಬೇಡಿ. ನಮ್ಮ ಲೈನಲ್ಲಿ ಬಲ ಅಂದರೆ ಬೇಡ. ಬಾಯಿ ಮಾತಲ್ಲ, ಜೀವ ಉಳಿಸಿದ ರೂಢಿ.

ಕೆಎ 36 ಕ್ಯಾಬ್
ರೂಢಿ ಲೈನಿಗೊಂದು ಇದ್ದರೆ ಅದು ಜೀವ ತೆಗೆಯುತ್ತದೆ. ನನ್ನ ಬಾಗಿಲು ನೋಡಬೇಕಿತ್ತು ನೀವು.

ಕೆಎ 34 ಬಳ್ಳಾರಿ
ಇಬ್ಬರೂ ರಾಂಗ್ ಸೈಡ್ ಬಿಟ್ಟು ಇಂಡಿಕೇಟರ್ ಹಿಡಿದಿದ್ದೀರಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ರಾಂಗ್ ಸೈಡೂ, ಫೋನ್ ಹಿಡಿದು ಓಡಿಸೋದೂ ಅಪಾಯಕಾರಿ ಚಾಲನೆಯ ಸೆಕ್ಷನ್ 184ರಲ್ಲೇ ಬರುತ್ತವೆ. ನಮ್ಮ ಕಡೆ ಹೆಲ್ಮೆಟ್ಟಿಗೆ ನಿಲ್ಲಿಸಿದಷ್ಟು ಇದಕ್ಕೆ ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ.

ಮೈಸೂರಿಂದ ವಾಪಸ್ (ಗಂಗಾವತಿ)
ಊರನ್ನು ಬೈಯಲಿಲ್ಲ ಸರ್, ನನ್ನದೂ ಇದೇ ಊರು. ನಿನ್ನೆ ಪಾಲಿಸಿ ರಿನ್ಯೂ ಮಾಡಿಸುವಾಗ ಜೀರೋ ಡೆಪ್ ಸೇರಿಸಿದೆ. ಕ್ಯಾಮೆರಾಗೂ ಹೇಳಿದ್ದೇನೆ. ಕತ್ತಲಾಗುವ ಮುಂಚೆ ಕಾರಟಗಿ ದಾಟುವ ಹಾಗೆ ಕೆಲಸದ ಟೈಮು ಕೇಳಿಕೊಂಡಿದ್ದೇನೆ. ಸಿಸ್ಟರ್, ಭತ್ತ ಯಾವ ತಿಂಗಳಲ್ಲಿ ಜಾಸ್ತಿ ಹಾಕ್ತಾರೆ?

ಮಾನ್ವಿ ಸಿಸ್ಟರ್
ನವೆಂಬರ್ ಡಿಸೆಂಬರ್ ಒಂದು ಸಲ, ಬೇಸಿಗೆ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್ ಮೇನಲ್ಲಿ ಇನ್ನೊಂದು ಸಲ. ಭತ್ತ ಇದ್ದಾಗ ಕಾಣುತ್ತದೆ, ಹೆದರಬೇಡಿ. ಎತ್ತಿದ ಮೇಲಿನ ಎರಡು ದಿನ ನೋಡಿಕೊಳ್ಳಿ.

ಶ್ರೀರಾಮನಗರದ ರೈತ
ಅಕ್ಕಾರೆ, ನಿನ್ನೆ ನಮ್ಮ ಓಣಿಯವರ ಹತ್ತಿರ ಮಾತಾಡಿದೆ. ಈ ಸಲ ಕಲ್ಲು ಬೇಡ, ಮರಳಿನ ಚೀಲ ಇಡ್ತೇವೆ.

ಮಾನ್ವಿ ಸಿಸ್ಟರ್
ಚೀಲಕ್ಕೆ ಬಿದ್ದವರನ್ನೂ ವಾರ್ಡಿನಲ್ಲಿ ನೋಡಿದ್ದೇನೆ ಅಣ್ಣಾರೆ. ಭತ್ತ ಎತ್ತಿದ ದಿನವೇ ಅದನ್ನೂ ಎತ್ತಿ.