ಸಿಒಪಿಡಿ: ಸ್ಟೀರಾಯ್ಡ್ ನಡೆಯುವಾಗ ತೆಗೆದ ರಕ್ತದ ರಿಪೋರ್ಟನ್ನು ನಂಬಬಹುದೇ?

ಬಸವನಗುಡಿ ಫಿಸಿಯೋ:
ಮನೆಗೆ ಹೋಗಿ ಉಸಿರಾಟದ ವ್ಯಾಯಾಮ ಮಾಡಿಸುವ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ರೋಗಿ. 67 ವರ್ಷ, ಬೀಡಿ ಬಿಟ್ಟು 4 ವರ್ಷ. ಆರಾಮಾಗಿದ್ದಾಗಿನ ರಿಪೋರ್ಟ್: ಬಿಳಿ ರಕ್ತಕಣದ ಟೋಟಲ್ ಕೌಂಟ್ 7,800, ಅದರಲ್ಲಿ ನ್ಯೂಟ್ರೋಫಿಲ್ 60, ಲಿಂಫೋಸೈಟ್ 28, ಇಯೋಸಿನೋಫಿಲ್ 5 ಪರ್ಸೆಂಟ್. ಈ ಚಳಿಗೆ ಉಬ್ಬಸ ಹೆಚ್ಚಾಗಿ ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್ ಮಾತ್ರೆ) 40 ಎಂಜಿ ಶುರುವಾಯಿತು. 4ನೇ ದಿನದ ರಿಪೋರ್ಟ್, ಅದೇ ಕ್ರಮದಲ್ಲಿ: 11,200, 78, 14, 1. ಉರಿಯೂತ ತೋರಿಸುವ ಪರೀಕ್ಷೆಗಳಾದ ಸಿಆರ್‌ಪಿ 14, ಇಎಸ್‌ಆರ್ 6, ಹಿಮೋಗ್ಲೋಬಿನ್ 17.6. ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತ 5.6 ಬಂದಿದೆ, ಇದು ಜಾಸ್ತಿಯಿದ್ದರೆ ಆಯಸ್ಸು ಕಮ್ಮಿ ಅಂತ ಎಲ್ಲೋ ಓದಿ ಮನೆಯವರು ಕಂಗಾಲಾಗಿದ್ದಾರೆ. ಏನು ಹೇಳಲಿ?

ಲ್ಯಾಬ್ ಮೇಜು:
ಮೊದಲು ಆ 5.6 ಅನ್ನು ಪಕ್ಕಕ್ಕಿಡಿ. ಪ್ರೆಡ್ನಿಸೋಲೋನ್ ಹೊಟ್ಟೆಗೆ ಹೋದರೆ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಬಿಟ್ಟುಕೊಂಡು ರಕ್ತಕ್ಕೆ ಬರುತ್ತವೆ, ಲಿಂಫೋಸೈಟ್ ಇಳಿಯುತ್ತದೆ, ಇಯೋಸಿನೋಫಿಲ್ ಸುಮಾರಾಗಿ ಮಾಯವಾಗುತ್ತದೆ. ಅಂದರೆ ಈ ಅನುಪಾತದಲ್ಲಿ ಕಾಯಿಲೆಯದೆಷ್ಟು, ಮಾತ್ರೆಯದೆಷ್ಟು ಅಂತ ಬಿಡಿಸಲಾಗದು. ಹಳೇ ರಿಪೋರ್ಟಿನಲ್ಲಿ 60 ಭಾಗಿಸು 28, ಬರೀ 2.1.

ಇಯೋಸಿನೋಫಿಲ್ ಅನ್ನು ಪರ್ಸೆಂಟಿನಲ್ಲಿ ಓದಬೇಡಿ. 7,800ರಲ್ಲಿ 5 ಪರ್ಸೆಂಟ್ ಅಂದರೆ 390. ಈಗಿನದು 11,200ರಲ್ಲಿ 1, ಅಂದರೆ 112. ಅದೇ ಮನುಷ್ಯ, ಮಾತ್ರೆಯ ವ್ಯತ್ಯಾಸ.

ಇಎಸ್‌ಆರ್ 6 ನೋಡಿ ಉರಿಯೂತ ಇಲ್ಲ ಅಂದುಕೊಳ್ಳಲೂಬೇಡಿ. ಇವರ ಹಿಮೋಗ್ಲೋಬಿನ್ 17.6 ಇರುವಂತೆ ಕೆಂಪು ಕಣ ದಟ್ಟವಾಗಿದ್ದರೆ ಕೊಳವೆಯಲ್ಲಿ ನಿಧಾನವಾಗಿ ಇಳಿಯುತ್ತವೆ, ಇಎಸ್‌ಆರ್ ಸುಳ್ಳೇ ಕಡಿಮೆ ಬರುತ್ತದೆ. ಸಿಆರ್‌ಪಿಗೆ ಈ ತೊಂದರೆಯಿಲ್ಲ, ಆದರೆ ಯೂನಿಟ್ ನೋಡಿ: ಲೀಟರಿಗೆ 14 ಎಂಜಿಯೋ, ಡೆಸಿಲೀಟರಿಗೋ? ಹತ್ತು ಪಟ್ಟು ವ್ಯತ್ಯಾಸ.

ಎದೆರೋಗ ಒಪಿಡಿ:
ಮೇಲಿನವರು ಹೇಳಿದ್ದು ಸರಿ. ಈ ಇಡೀ ಕಾಗದದಲ್ಲಿ ಚಿಕಿತ್ಸೆಗೆ ಕೆಲಸಕ್ಕೆ ಬರುವ ಸಂಖ್ಯೆ ಹಳೆಯ ಆ 390. 300 ದಾಟಿದ್ದು, ಉಬ್ಬಸ ಮೇಲಿಂದ ಮೇಲೆ ಕೆರಳುತ್ತಿದ್ದರೆ, ಇನ್‌ಹೇಲರಿನಲ್ಲಿ ಸ್ಟೀರಾಯ್ಡ್ ಸೇರಿಸಿದರೆ ಲಾಭ ಹೆಚ್ಚು. 100ಕ್ಕಿಂತ ಕೆಳಗಿದ್ದರೆ ಲಾಭ ಕಡಿಮೆ, ನ್ಯುಮೋನಿಯಾ ಭಯ ಹೆಚ್ಚು. 4ನೇ ದಿನದ 112 ನಂಬಿ ಯಾರಾದರೂ ಇನ್‌ಹೇಲರಿನ ಸ್ಟೀರಾಯ್ಡ್ ಬೇಡ ಅಂದರೆ ರೋಗಿಗೆ ಅನ್ಯಾಯವಾಗುತ್ತದೆ. ಹಾಗಂತ ಒಂದೇ ರಿಪೋರ್ಟ್ ಸಾಲದು, ಮಾತ್ರೆ ಮುಗಿದು ನಾಲ್ಕು ವಾರ ಬಿಟ್ಟು, ದಿನದ ಅದೇ ಹೊತ್ತಿಗೆ ಇನ್ನೊಮ್ಮೆ ತೆಗೆಸಿ. ನಮ್ಮ ಕಡೆ ಹೊಟ್ಟೆಹುಳ, ಅಲರ್ಜಿಯಿಂದಲೂ ಇಯೋಸಿನೋಫಿಲ್ ಏರುತ್ತದೆ. ಸಾವಿರ ದಾಟಿದರಂತೂ ಕಾರಣ ಹುಡುಕಲೇಬೇಕು.

ಸಿಆರ್‌ಪಿ ಲೀಟರಿಗೆ 14 ಎಂಜಿಯಾದರೆ ಆಯಸ್ಸು ಅಳೆಯುವ ಕೋಲಲ್ಲ. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಪೇಸ್ ಪ್ರಯೋಗದಲ್ಲಿ ವೈದ್ಯರಿಗೆ ಕೊಟ್ಟ ಸೂಚನೆ ಹೀಗಿತ್ತು: 20ರ ಕೆಳಗೆ ಆಂಟಿಬಯೋಟಿಕ್ ಬಹುಶಃ ಬೇಡ, 20ರಿಂದ 40ರ ನಡುವೆ ಕಫ ಕೀವಿನಂತಿದ್ದರೆ ಯೋಚಿಸಿ, 40 ದಾಟಿದರೆ ಉಪಯೋಗವಾಗಬಹುದು. ಇದರ ಜೊತೆಗೆ ರೋಗಿಯ ಸ್ಥಿತಿಯನ್ನೂ ನೋಡಬೇಕು.

ನನಗೆ ಕಳವಳವಾಗಿರುವುದು ಯಾರೂ ಕೇಳದ 17.6ರ ಬಗ್ಗೆ. ಬೀಡಿ ಬಿಟ್ಟ ನಾಲ್ಕು ವರ್ಷದ ಮೇಲೂ ಹಿಮೋಗ್ಲೋಬಿನ್ ಇಷ್ಟು ಹೆಚ್ಚಿದ್ದರೆ ಆಮ್ಲಜನಕ ಬಹಳ ದಿನದಿಂದ ಕೊರತೆಯಾಗಿರಬಹುದು. ಕೂತಾಗ, ನಡೆದಾಗ, ಸಾಧ್ಯವಾದರೆ ನಿದ್ದೆಯಲ್ಲೂ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ನೋಡಿ. ಚೇತರಿಸಿಕೊಂಡ ಮೇಲೂ ಕೂತಲ್ಲೇ 88 ಪರ್ಸೆಂಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಧಮನಿಯ ರಕ್ತ ಪರೀಕ್ಷೆ ಮಾಡಿಸಿ ಮನೆ ಆಕ್ಸಿಜನ್ ತೀರ್ಮಾನಿಸಬೇಕು.

ಬಸವನಗುಡಿ ಫಿಸಿಯೋ:
ಯೂನಿಟ್ ನೋಡಿದೆ, ಲೀಟರಿಗೇ. ಹಾಗಾದರೆ ಮನೆಯವರ "ಮುಂದೇನು" ಅನ್ನುವ ಪ್ರಶ್ನೆಗೆ?

ಎದೆರೋಗ ಒಪಿಡಿ:
ಅದರ ಉತ್ತರ ರಕ್ತಕ್ಕಿಂತ ನಿಮ್ಮ ಕೈಯಲ್ಲೇ ಹೆಚ್ಚಿದೆ. ಸಿಒಪಿಡಿಯ ಅಪಾಯ ಅಳೆಯುವ ಬೋಡ್ ಸೂಚ್ಯಂಕ ಹಾಕಿ: ಬಿಎಂಐ, ಸ್ಪೈರೋಮೆಟ್ರಿಯ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ), ಏದುಸಿರಿನ ದರ್ಜೆ, 6 ನಿಮಿಷದ ನಡಿಗೆ. ಬಿಎಂಐ 21 ಅಥವಾ ಕಡಿಮೆಯಾದರೆ 1 ಅಂಕ. ನಡಿಗೆ 350 ಮೀಟರ್ ಮುಟ್ಟಿದರೆ ಸೊನ್ನೆ, 250ರಿಂದ 349ಕ್ಕೆ 1, 150ರಿಂದ 249ಕ್ಕೆ 2, ಅದಕ್ಕೂ ಕಡಿಮೆಗೆ 3. ಒಟ್ಟು 10. ಅಂಕ ಏರಿದಷ್ಟೂ ಅಪಾಯ ಹೆಚ್ಚು. ಕಳೆದ ವರ್ಷ ಎಷ್ಟು ಸಲ ಕೆರಳಿತು ಅನ್ನುವುದನ್ನೂ ಬರೆದಿಡಿ. ನಡಿಗೆಗೆ ಅಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ 30 ಮೀಟರ್ ಟೇಪು ಹಿಡಿದು ಗುರುತು ಹಾಕಿ. ತುಂಡು ಜಾಗದಲ್ಲಿ ತಿರುಗುವುದರಲ್ಲೇ ಹೊತ್ತು ಹೋಗಿ ದೂರ ಕಡಿಮೆ ಬರುತ್ತದೆ. ಈ ಕೆರಳಿಕೆ ಇಳಿಯುವ ತನಕ ಮಾಡಿಸಬೇಡಿ.

ಲ್ಯಾಬ್ ಮೇಜು:
ಬೆಳಗಿನ ಚಳಿಯಲ್ಲಿ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗಾಗಿಸಿ, ಸಂಖ್ಯೆ ನಿಂತ ಮೇಲೆ ಬರೆದುಕೊಳ್ಳಿ.